ನಮ್ಮ ಹಾಕಿಯ ಹನ್ನೊಂದು ಹೆಸರುಗಳು

ಹಿಂದಿನವರನ್ನು ಹೆಸರು ಹಿಡಿದು ನೆನೆಯುವುದು ಕನ್ನಡಕ್ಕೆ ಹೊಸ ಪದ್ಧತಿಯಲ್ಲ. ನಮಗೆ ದೊರೆತಿರುವ ಅತ್ಯಂತ ಹಳೆಯ ಗ್ರಂಥವಾದ ‘ಕವಿರಾಜಮಾರ್ಗ’ವೇ ಅಂತಹದೊಂದು ಪಟ್ಟಿಯನ್ನು ಕೊಡುತ್ತದೆ. ಗದ್ಯದಲ್ಲಿ ವಿಮಳೋದಯ, ನಾಗಾರ್ಜುನ, ಜಯಬಂಧು, ದುರ್ವಿನೀತ. ಪದ್ಯದಲ್ಲಿ ಶ್ರೀವಿಜಯ, ಕವೀಶ್ವರ, ಪಂಡಿತ, ಚಂದ್ರ, ಲೋಕಪಾಲ. ಒಂಬತ್ತನೆಯ ಶತಮಾನದ ಹೊತ್ತಿಗೇ ಹಿರಿಯರೆನಿಸಿದ್ದ ಈ ಮಹನೀಯರಲ್ಲಿ ಹೆಚ್ಚಿನವರ ಕೃತಿ ಇಂದು ನಮ್ಮ ಕೈಗೆ ಸಿಗುವುದಿಲ್ಲ. ಹೆಸರು ಉಳಿಯಿತು, ಕಾವ್ಯ ಅಳಿಯಿತು. ಈ ಭಾಗವನ್ನು ಪಾಠಮಾಡುವಾಗಲೆಲ್ಲ ಯಾರಾದರೊಬ್ಬ ವಿದ್ಯಾರ್ಥಿ ಕೇಳಿಯೇ ಕೇಳುತ್ತಾನೆ: “ಓದದೆಯೇ ಅವರನ್ನು ದೊಡ್ಡವರೆಂದು ಒಪ್ಪುವುದು ಹೇಗೆ?” ಪ್ರಶ್ನೆ ನ್ಯಾಯವಾದದ್ದೇ. ಕಾವ್ಯಕ್ಕಿಂತಲೂ ಬೇಗ ಅಳಿಯುವ ಇನ್ನೊಂದು ಕಲೆಯಿದೆ, ಅದು ಆಟ. ಆಡಿ ಮುಗಿದ ಕ್ಷಣವೇ ಅದು ಇಲ್ಲವಾಗುತ್ತದೆ. ಉಳಿಯುವುದು ಅಂಕಿ, ಹೆಸರು, ಮತ್ತು ಕಂಡವರ ಮಾತು.

ಇದನ್ನು ಈಗ ನೆನೆಯಲು ಕಾರಣವಿದೆ. ೧೯೨೫ನೆಯ ಇಸವಿ ನವೆಂಬರ್ ೭ರಂದು ಗ್ವಾಲಿಯರಿನಲ್ಲಿ ಭಾರತದ ಹಾಕಿ ಒಕ್ಕೂಟ ಹುಟ್ಟಿತು. ೨೦೨೫ರ ನವೆಂಬರ್ ೭ರಂದು ದೇಶದಲ್ಲೆಲ್ಲ ಅದರ ಶತಮಾನೋತ್ಸವ ನಡೆಯಿತು. ನೂರು ತುಂಬಿದ ಮನೆಯಲ್ಲಿ ಹಿರಿಯರ ಲೆಕ್ಕ ತೆಗೆಯುವುದು ಸಹಜ. ನಮ್ಮ ಕೈವಾರದಂತಹ, ಹಾಕಿಯ ಕೋಲನ್ನು ಕಣ್ಣಾರೆ ಕಂಡವರೇ ವಿರಳವಾಗಿರುವ ಊರಿನಲ್ಲಿ ಕೂಡ ಆ ಲೆಕ್ಕ ತಲೆಹಾಕಿತು. ದೈಹಿಕ ಶಿಕ್ಷಣದ ಅಧ್ಯಾಪಕರಾದ ನನ್ನ ಮಿತ್ರರೊಬ್ಬರು ಕರ್ನಾಟಕದ ‘ಸಾರ್ವಕಾಲಿಕ ತಂಡ’ವೊಂದನ್ನು ಕಟ್ಟಿ, ಆಡುವ ಹನ್ನೊಂದು ಮಂದಿ, ಮೇಲೆ ಕಾಯುವ ಇಬ್ಬರು, ಹೀಗೆ ಹದಿಮೂರು ಹೆಸರುಗಳ ಹಾಳೆಯನ್ನು ನನ್ನ ಮುಂದಿಟ್ಟರು. “ನೀವು ಕವಿಗಳ ತಾರತಮ್ಯ ಮಾಡುವವರು, ಇದನ್ನೂ ಒಮ್ಮೆ ತೂಗಿ ನೋಡಿ” ಎಂದರು. ತೂಗಿದೆ. ತೂಗುತ್ತ ಹೋದಂತೆ ತಕ್ಕಡಿಯಲ್ಲಿ ಆಟಗಾರರಿಗಿಂತ ಹೆಚ್ಚಾಗಿ ನಾವೇ ಕುಳಿತಿರುವಂತೆ ಕಂಡಿತು. ಆದುದರಿಂದ ಈ ಬರಹ.

ಮೊದಲು ಪಟ್ಟಿಯನ್ನು ವಾಚಕರ ಮುಂದೆ ಇಡುತ್ತೇನೆ. ಗೋಲ್ ಕಾಯಲು ಆಶಿಶ್ ಬಲ್ಲಾಳ್. ಅವರ ಮುಂದೆ ಎರಡು ಬ್ಯಾಕ್‌ಗಳು: ವಿ. ಆರ್. ರಘುನಾಥ್, ಲೆನ್ ಅಯ್ಯಪ್ಪ. ನಡುವಿನ ಸಾಲಿನಲ್ಲಿ ಮೂವರು ಹಾಫ್‌ಗಳು: ಎಂ. ಎಂ. ಸೋಮಯ್ಯ, ಜೂಡ್ ಫೆಲಿಕ್ಸ್, ಎಸ್. ಕೆ. ಉತ್ತಪ್ಪ. ಮುಂದಿನ ಸಾಲಿನಲ್ಲಿ ಐವರು ಫಾರ್ವರ್ಡ್‌ಗಳು: ಎಸ್. ವಿ. ಸುನಿಲ್, ಅರ್ಜುನ್ ಹಾಲಪ್ಪ, ಎಂ. ಪಿ. ಗಣೇಶ್, ನಿಕಿನ್ ತಿಮ್ಮಯ್ಯ, ಬಿ. ಪಿ. ಗೋವಿಂದ. ಹೊರಗೆ ಕಾಯುವವರು ಗೋಲ್ ಕೀಪರ್ ಎ. ಬಿ. ಸುಬ್ಬಯ್ಯ ಮತ್ತು ೧೯೯೨ರ ಬಾರ್ಸಿಲೋನ ಒಲಿಂಪಿಕ್ಸ್‌ನಲ್ಲಿ ಆಡಿದ ಸಿ. ಎಸ್. ಪೂಣಚ್ಚ. ಹಿಂದೆ ಇಬ್ಬರು, ನಡುವೆ ಮೂವರು, ಮುಂದೆ ಐವರು ಎಂಬುದು ಹಾಕಿಯ ಹಳೆಯ ವ್ಯೂಹ. ಮಿತ್ರರು ವ್ಯೂಹವನ್ನು ಹಳೆಯದನ್ನೇ ಉಳಿಸಿಕೊಂಡು ಆಳುಗಳನ್ನು ಎಲ್ಲ ಕಾಲದಿಂದಲೂ ಕರೆದಿದ್ದಾರೆ. ತೊಡಕು ಇಲ್ಲಿಂದಲೇ ಆರಂಭವಾಗುತ್ತದೆ.

ಗೋಲ್ ಕೀಪರ್ ಸ್ಥಾನವನ್ನೇ ತೆಗೆದುಕೊಳ್ಳೋಣ. ಸುಬ್ಬಯ್ಯನವರು ೧೯೯೨ರ ಬಾರ್ಸಿಲೋನ ಮತ್ತು ೧೯೯೬ರ ಅಟ್ಲಾಂಟ, ಎರಡು ಒಲಿಂಪಿಕ್ಸ್‌ಗಳಲ್ಲಿ ಭಾರತದ ಗೋಲ್ ಕಾಯ್ದವರು. ಬಲ್ಲಾಳರ ಕೀರ್ತಿ ಮುಖ್ಯವಾಗಿ ನಿಂತಿರುವುದು ೧೯೯೮ರ ಡಿಸೆಂಬರಿನ ಒಂದು ಪಂದ್ಯದ ಮೇಲೆ. ಬ್ಯಾಂಕಾಕಿನ ಏಷ್ಯನ್ ಕ್ರೀಡೆಗಳ ಅಂತಿಮ ಪಂದ್ಯ ಕೊರಿಯದೊಡನೆ ಸಮವಾಗಿ ಮುಗಿದು ಟೈಬ್ರೇಕರ್‌ಗೆ ಹೋದಾಗ ಅವರು ಪೆನಾಲ್ಟಿ ಸ್ಟ್ರೋಕ್‌ಗಳನ್ನು ತಡೆದರು. ೧೯೬೬ರ ಅನಂತರ, ಮೂವತ್ತೆರಡು ವರ್ಷಗಳ ಮೇಲೆ, ಭಾರತಕ್ಕೆ ಏಷ್ಯದ ಚಿನ್ನ ಬಂದಿತು. ದೀರ್ಘ ಸೇವೆ ಒಂದೆಡೆ, ದೊಡ್ಡ ಮುಹೂರ್ತ ಇನ್ನೊಂದೆಡೆ. ಮಿತ್ರರು ಮುಹೂರ್ತವನ್ನು ಆರಿಸಿದ್ದಾರೆ. ಆದರೆ ಇಂದಿನ ಆಟದಲ್ಲಿ ಸಮವಾದ ಪಂದ್ಯವನ್ನು ಬಿಡಿಸುವುದು ಆ ಸ್ಟ್ರೋಕ್ ಅಲ್ಲ. ಆಟಗಾರನು ದೂರದಿಂದ ಚೆಂಡನ್ನು ಎಳೆದುಕೊಂಡು ಬಂದು ಎಂಟು ಸೆಕೆಂಡುಗಳೊಳಗೆ ಗೋಲ್ ಹೊಡೆಯಬೇಕಾದ ಶೂಟೌಟ್. ನಿಂತ ಚೆಂಡನ್ನು ನಿಂತಲ್ಲೇ ತಡೆಯುವ ಕೌಶಲ ಬೇರೆ, ನುಗ್ಗಿಬರುವವನನ್ನು ಎದುರಿಗೆ ಹೋಗಿ ಕೆಡಿಸುವ ಕೌಶಲ ಬೇರೆ. ಯಾವ ಕಾಲದ ನಿಯಮದಲ್ಲಿ ಈ ತಂಡ ಆಡುತ್ತದೆ ಎಂಬುದು ನಿಶ್ಚಯವಾಗದೆ ಯಾರನ್ನು ಗೋಲಿನಲ್ಲಿ ನಿಲ್ಲಿಸಬೇಕೆಂಬುದು ನಿಶ್ಚಯವಾಗದು. ಇಡೀ ಪಟ್ಟಿಗೂ ಈ ಮಾತು ಅನ್ವಯಿಸುತ್ತದೆ. ಸಾರ್ವಕಾಲಿಕ ತಂಡಕ್ಕೆ ಆಳುಗಳಿದ್ದಾರೆ, ಕಾಲವಿಲ್ಲ; ಕಾಲವಿಲ್ಲದೆ ಆಟವಿಲ್ಲ.

ಆದುದರಿಂದ ನಾನು ಈ ಹನ್ನೊಂದು ಮಂದಿಯನ್ನು ಎರಡು ಬಾರಿ ಮೈದಾನಕ್ಕಿಳಿಸಿ ನೋಡಿದೆ: ೧೯೭೫ರ ಹುಲ್ಲಿನ ಮೇಲೆ ಒಮ್ಮೆ, ಇಂದಿನ ನೀರು ಚಿಮುಕಿಸಿದ ಕೃತಕ ಹಾಸಿನ ಮೇಲೆ ಒಮ್ಮೆ.

ಹುಲ್ಲಿನ ಮೇಲೆ ಈ ತಂಡದ ನಡುವಿನ ಸಾಲು ಬಹಳ ಬಲವಾದುದು. ಹಳೆಯ ವ್ಯೂಹದಲ್ಲಿ ಇಡೀ ಆಟವನ್ನು ಹೊರುವವರು ಮೂವರು ಹಾಫ್‌ಗಳು. ಹಿಂದಿನ ಇಬ್ಬರಿಗೆ ಆಸರೆಯೂ ಅವರೇ, ಮುಂದಿನ ಐವರಿಗೆ ಅನ್ನದಾತರೂ ಅವರೇ. ಸೋಮಯ್ಯನವರು ೧೯೮೦ರ ಮಾಸ್ಕೊ, ೧೯೮೪ರ ಲಾಸ್ ಏಂಜಲೀಸ್, ೧೯೮೮ರ ಸೋಲ್, ಮೂರು ಒಲಿಂಪಿಕ್ಸ್ ಆಡಿದವರು, ಮೂರನೆಯದರಲ್ಲಿ ನಾಯಕರು. ಮಾಸ್ಕೊದಲ್ಲಿ ಸ್ಪೇನನ್ನು ೪-೩ರಿಂದ ಸೋಲಿಸಿ ಗೆದ್ದ ಚಿನ್ನವೇ ಹಾಕಿಯಲ್ಲಿ ಇಂದಿನವರೆಗೆ ಭಾರತದ ಕೊನೆಯ ಒಲಿಂಪಿಕ್ ಚಿನ್ನ. ಈ ಹದಿಮೂರು ಜನರಲ್ಲಿ ಆ ಪದಕವನ್ನು ಕೊರಳಿಗೆ ಹಾಕಿಕೊಂಡವರು ಅವರೊಬ್ಬರೇ. ಅವರ ಮಗ್ಗುಲಿಗೆ ಬೆಂಗಳೂರಿನ ಜೂಡ್ ಫೆಲಿಕ್ಸ್. ಸೋಲ್, ಬಾರ್ಸಿಲೋನಗಳಲ್ಲಿ ಆಡಿ, ೧೯೯೪ರ ವಿಶ್ವಕಪ್ಪಿನಲ್ಲಿ ಭಾರತವನ್ನು ಮುನ್ನಡೆಸಿದವರು. ಇವರಿಬ್ಬರೂ ೧೯೮೮ರಲ್ಲಿ ಒಂದೇ ತಂಡದಲ್ಲಿದ್ದರು. ಈ ಪಟ್ಟಿಯಲ್ಲಿ ಒಬ್ಬರ ನಡೆಯನ್ನು ಇನ್ನೊಬ್ಬರು ಬಲ್ಲರೆಂದು ಊಹಿಸದೆಯೇ ಹೇಳಬಹುದಾದ ಜೋಡಿಗಳು ಕೆಲವೇ, ಅವುಗಳಲ್ಲಿ ಇದೊಂದು. ಇನ್ನೊಂದು ಜೋಡಿ ೧೯೭೨ರ ಮ್ಯೂನಿಕ್ಕಿನ ಗಣೇಶ್ ಮತ್ತು ಗೋವಿಂದರದು. ಮತ್ತೊಂದು, ೨೦೧೨ರ ಲಂಡನ್ ಮತ್ತು ೨೦೧೬ರ ರಿಯೊ ಒಲಿಂಪಿಕ್ಸ್ ಎರಡರಲ್ಲೂ ಒಟ್ಟಿಗೆ ಆಡಿದ ರಘುನಾಥ್, ಉತ್ತಪ್ಪ, ಸುನಿಲ್ ಎಂಬ ಮೂವರದು. ತಂಡ ಕಟ್ಟುವವನು ಬಿಡಿ ಬಿಡಿ ರತ್ನಗಳಿಗಿಂತ ಇಂತಹ ಹೆಣಿಗೆಯನ್ನು ಮೊದಲು ಹುಡುಕಬೇಕು. ಒಳ್ಳೆಯ ಪದಗಳನ್ನು ರಾಶಿ ಹಾಕಿದರೆ ಪದ್ಯವಾಗದಷ್ಟೆ.

ಮುಂದಿನ ಸಾಲು ಹೆಸರುಗಳಲ್ಲಿ ಬೆರಗು ಹುಟ್ಟಿಸುತ್ತದೆ. ಗಣೇಶ್ ಅವರು ೧೯೭೩ರಲ್ಲಿ ಹಾಲೆಂಡಿನ ಆಮ್ಸ್ಟೆಲ್‌ವೀನಿನಲ್ಲಿ ನಡೆದ ವಿಶ್ವಕಪ್ಪಿಗೆ ಭಾರತದ ನಾಯಕರು. ಅಂತಿಮ ಪಂದ್ಯದಲ್ಲಿ ಎರಡು ಗೋಲುಗಳಿಂದ ಮುಂದಿದ್ದ ಭಾರತ ಸಮಕ್ಕಿಳಿದು, ಕೊನೆಗೆ ಸ್ಟ್ರೋಕ್‌ಗಳಲ್ಲಿ ಸೋತು ಬೆಳ್ಳಿಗೆ ತೃಪ್ತಿಪಟ್ಟಿತು. ಹೆಚ್ಚುವರಿ ಆಟದಲ್ಲಿ ದೊರೆತ ಪೆನಾಲ್ಟಿ ಸ್ಟ್ರೋಕ್ ಒಂದು ಅಂದು ಗೋವಿಂದರಿಗೆ ದಕ್ಕಲಿಲ್ಲ. ಎರಡೇ ವರ್ಷಗಳಲ್ಲಿ, ೧೯೭೫ರಲ್ಲಿ, ಕ್ವಾಲಾಲಂಪುರದಲ್ಲಿ ಪಾಕಿಸ್ತಾನವನ್ನು ೨-೧ರಿಂದ ಮಣಿಸಿ ವಿಶ್ವಕಪ್ ಗೆದ್ದ ತಂಡದಲ್ಲಿ ಅದೇ ಗೋವಿಂದರಿದ್ದರು. ಭಾರತದ ಪುರುಷರು ಇದುವರೆಗೆ ಗೆದ್ದಿರುವ ವಿಶ್ವಕಪ್ ಅದೊಂದೇ. ಈ ಪಟ್ಟಿಯಲ್ಲಿ ಅದರ ಪಾಲುದಾರರು ಅವರೊಬ್ಬರೇ. ಒಂದು ತಪ್ಪಿದ ಹೊಡೆತದಿಂದ ಮನುಷ್ಯನನ್ನು ಅಳೆಯಬಾರದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಆದರೆ ಈ ಐವರು ಒಂದು ಸಾಲಾಗುತ್ತಾರೆಯೆ? ಹಳೆಯ ವ್ಯೂಹದ ಐದು ಫಾರ್ವರ್ಡ್‌ಗಳಲ್ಲಿ ಇಬ್ಬರು ಅಂಚಿನಲ್ಲಿ ಓಡುವವರು, ಒಬ್ಬ ನಡುವೆ ನಿಂತು ಹೊಡೆಯುವವನು. ಉಳಿದಿಬ್ಬರು ಹಿಂದೆ ಸರಿದು ಚೆಂಡನ್ನು ತಂದುಕೊಡುವವರು. ಹಾಲಪ್ಪನವರು ಆ ಹಿಂದೆ ಸರಿಯುವ ಕೆಲಸವನ್ನು ನಿರ್ವಹಿಸಿಯಾರು. ತಿಮ್ಮಯ್ಯನವರು ಗೋಲಿನ ಆಸುಪಾಸಿನಲ್ಲಿ ಅರಳುವ ಇಂದಿನ ಕಾಲದ ಆಟಗಾರರು. ಸುನಿಲರ ಸೊಗಸೆಲ್ಲ ಅವರ ವೇಗದಲ್ಲಿದೆ. ಎದುರಾಳಿಯ ಬೆನ್ನ ಹಿಂದಿನ ಬಯಲಿಗೆ ನುಗ್ಗಿ, ದೂರದಿಂದ ಬರುವ ಚೆಂಡನ್ನು ಹಿಡಿಯುವುದರಲ್ಲಿದೆ. ೧೯೭೫ರಲ್ಲಿ ಆಫ್‌ಸೈಡ್ ನಿಯಮವಿತ್ತು. ಎದುರಾಳಿಯ ಬೆನ್ನ ಹಿಂದೆ ಮೊದಲೇ ಹೋಗಿ ಕಾಯುವವನಿಗೆ ಆಗ ಸೀಟಿ ಊದುತ್ತಿದ್ದರು. ಆ ನಿಯಮವನ್ನು ತೆಗೆದುಹಾಕಿದ್ದು ೧೯೯೦ರ ದಶಕದ ಕೊನೆಯಲ್ಲಿ. ಇನ್ನೊಂದು ವಿಷಯ: ಗೋವಿಂದರ ಕಾಲದಲ್ಲಿ ಹೊರಗೆ ಹೋದ ಆಟಗಾರ ಮರಳಿ ಒಳಗೆ ಬರುವಂತಿರಲಿಲ್ಲ, ಎಪ್ಪತ್ತು ನಿಮಿಷಗಳಿಗೆ ಉಸಿರನ್ನು ಹಂಚಿ ಓಡಬೇಕಿತ್ತು. ಇಂದು ಫಾರ್ವರ್ಡ್ ಕೆಲವು ನಿಮಿಷ ಬಾಣದಂತೆ ಓಡಿ, ಹೊರಗೆ ಕುಳಿತು ದಣಿವಾರಿಸಿಕೊಂಡು, ಮತ್ತೆ ಬರುತ್ತಾನೆ. ಇಬ್ಬರ ವೇಗವನ್ನೂ ‘ವೇಗ’ವೆಂಬ ಒಂದೇ ಪದದಿಂದ ಕರೆಯುತ್ತೇವೆ, ಅವೆರಡೂ ಒಂದೇ ಅಲ್ಲ. ಚಂಪೂಕವಿಯನ್ನೂ ವಚನಕಾರನನ್ನೂ ಒಂದೇ ಛಂದಸ್ಸಿನ ಅಳತೆಗೋಲಿನಿಂದ ಅಳೆದಂತೆ ಆದೀತು.

ಇನ್ನು ಇಂದಿನ ಹಾಸಿನ ಮೇಲೆ. ಒಲಿಂಪಿಕ್ಸ್‌ಗೆ ಕೃತಕ ಹಾಸು ಮೊದಲು ಬಂದದ್ದು ೧೯೭೬ರ ಮಾಂಟ್ರಿಯಲ್‌ನಲ್ಲಿ. ಅಲ್ಲಿಯವರೆಗೆ ಒಮ್ಮೆಯೂ ಪದಕ ತಪ್ಪಿಸಿಕೊಂಡಿರದ ಭಾರತ ಅಲ್ಲಿ ಏಳನೆಯ ಸ್ಥಾನಕ್ಕಿಳಿಯಿತು. ಈ ಹಾಸಿನ ಆಟದಲ್ಲಿ ಐವರು ಮುಂದೆ ನಿಲ್ಲುವುದಿಲ್ಲ. ಮೂವರು ನಿಂತರೆ ಹೆಚ್ಚು. ಹಿಂದೆ ನಾಲ್ವರಾದರೂ ಬೇಕು. ಮಿತ್ರರ ಪಟ್ಟಿಯ ಬಡತನ ಬಯಲಾಗುವುದು ಇಲ್ಲಿಯೇ. ರಘುನಾಥ್ ಮತ್ತು ಅಯ್ಯಪ್ಪ ಇಬ್ಬರೂ ಪೆನಾಲ್ಟಿ ಕಾರ್ನರ್‌ನಲ್ಲಿ ಚೆಂಡನ್ನು ಕೋಲಿಗೆ ತಗುಲಿಸಿ ಎಳೆದೆಸೆಯುವ ಡ್ರ್ಯಾಗ್ ಫ್ಲಿಕ್‌ಗೆ ಹೆಸರಾದವರು. ಒಂದೇ ಅಸ್ತ್ರವನ್ನು ಬಲ್ಲ ಇಬ್ಬರು ಒಂದೇ ತಂಡದಲ್ಲಿರುವುದು ದಾಳಿಗೆ ಲಾಭ. ಯಾರು ಎಸೆಯುತ್ತಾರೆಂಬುದು ಎದುರಾಳಿಗೆ ಕೊನೆಯ ಕ್ಷಣದವರೆಗೆ ತಿಳಿಯದು. ಆದರೆ ಬ್ಯಾಕ್‌ನ ಮೊದಲ ಧರ್ಮ ತಡೆಯುವುದು. ಅವರ ಹಿಂದೆ ಇನ್ನಿಬ್ಬರನ್ನು ತರಲು ಪಟ್ಟಿಯಲ್ಲಿ ಜನವಿಲ್ಲ. ಸೋಮಯ್ಯನವರನ್ನು ನಡುವಿನಿಂದ ಹಿಂದಕ್ಕೆ ಕರೆಯಬೇಕು, ಪೂಣಚ್ಚನವರನ್ನು ಒಳಕ್ಕೆ ತರಬೇಕು; ಹಾಲಪ್ಪನವರನ್ನು ನಡುವಿನ ಸಾಲಿಗೆ ಇಳಿಸಿ, ತಿಮ್ಮಯ್ಯನವರನ್ನು ಬದಲಿಯಾಗಿ ಹೊರಗೆ ಕೂರಿಸಬೇಕು. ಆಗ ಮುಂದೆ ಉಳಿಯುವ ಗಣೇಶ್, ಗೋವಿಂದ, ಸುನಿಲ್ ಎಂಬ ಮೂವರ ಸಾಲು ನನ್ನ ಮನಸ್ಸಿಗೆ ಐವರ ಸಾಲಿಗಿಂತ ಹೆಚ್ಚು ಒಪ್ಪುತ್ತದೆ. ಒಟ್ಟಿನಲ್ಲಿ ನನ್ನ ತೀರ್ಪು ಇದು: ನಡುವೆ ಸಂಪತ್ತು, ಮುಂದೆ ಸಮೃದ್ಧಿ, ಹಿಂದೆ ಕೊರತೆ. ನಾಯಕತ್ವವನ್ನು ಮಾಜಿ ನಾಯಕರಲ್ಲಿ ಸೋಮಯ್ಯನವರಿಗೆ ಕೊಡುತ್ತೇನೆ. ಎರಡು ವ್ಯೂಹಗಳಲ್ಲಿಯೂ ಸ್ಥಾನ ಅಲುಗದೆ, ಸ್ಥಾನ ಬದಲಾದರೂ ಬೆಲೆ ಕುಂದದೆ ಉಳಿಯುವವರು ಅವರು.

ಇಲ್ಲಿಗೆ ಆಟದ ವಿಚಾರ ಮುಗಿಯಿತೆನ್ನಬಹುದಿತ್ತು. ಆದರೆ ಹಾಳೆಯನ್ನು ಮಡಿಸುವ ಮುನ್ನ ಇನ್ನೊಂದು ಬಗೆಯಲ್ಲಿ ಓದಿ ನೋಡಿರಿ. ಈ ಹದಿಮೂರು ಹೆಸರುಗಳಲ್ಲಿ ಬಲ್ಲಾಳ್ ಮತ್ತು ಫೆಲಿಕ್ಸ್ ಬೆಂಗಳೂರಿನವರು. ಉಳಿದ ಹನ್ನೊಂದು ಮಂದಿ ಕೊಡಗಿನ ಮೂಲದವರು. ೨೦೧೧ರ ಜನಗಣತಿಯಂತೆ ಕೊಡಗಿನ ಜನಸಂಖ್ಯೆ ೫,೫೪,೫೧೯. ಇಡೀ ರಾಜ್ಯದ ಜನಸಂಖ್ಯೆ ಆರು ಕೋಟಿಗೂ ಮೇಲೆ. ಕನ್ನಡನಾಡಿನ ನೂರು ಜನರಲ್ಲಿ ಒಬ್ಬರನ್ನೂ ಪೂರ್ತಿಯಾಗಿ ಕೊಡಲಾರದ ಜಿಲ್ಲೆ ತಂಡದ ಬಹುಪಾಲನ್ನು ಕೊಟ್ಟಿದೆ. ಅವರೆಲ್ಲ ಒಂದೇ ಜನಾಂಗದವರೂ ಅಲ್ಲ. ಸುನಿಲರ ಹೆಸರಿನ ಮೊದಲಕ್ಷರವೇ ಸೋಮವಾರಪೇಟೆಯದು. ಆ ನೆಲದಲ್ಲಿ ಆಟ ಯಾರೋ ಕೆಲವರ ಸೊತ್ತಾಗದೆ ಮನೆಮನೆಯ ವಾಡಿಕೆಯಾಯಿತೆಂಬುದೇ ಇದರ ಕಾರಣ. ೧೯೯೭ರಲ್ಲಿ ಕರಡ ಗ್ರಾಮದಲ್ಲಿ ಪಾಂಡಂಡ ಕುಟ್ಟಪ್ಪನವರು ಆರಂಭಿಸಿದ ಕೊಡವ ಕುಟುಂಬಗಳ ಹಾಕಿ ಹಬ್ಬದಲ್ಲಿ ಮೊದಲ ವರ್ಷ ೬೦ ಕುಟುಂಬಗಳು ಆಡಿದವು. ೨೦೨೪ರಲ್ಲಿ ನಾಪೋಕ್ಲಿನಲ್ಲಿ ೩೬೦. ೨೦೨೫ರಲ್ಲಿ ಮಡಿಕೇರಿಯಲ್ಲಿ ೩೯೬. ಒಂದೇ ಕುಟುಂಬದ ಅಜ್ಜನೂ ಮೊಮ್ಮಗನೂ ಸೊಸೆಯೂ ಒಂದೇ ತಂಡದಲ್ಲಿ ಆಡುವುದು ಅಲ್ಲಿ ಸೋಜಿಗವಲ್ಲ.

ನಮ್ಮ ಕೈವಾರವನ್ನು ಜನ ಮಹಾಭಾರತದ ಏಕಚಕ್ರಪುರವೆಂದು ನಂಬುತ್ತಾರೆ. ಆ ಕಥೆಯಲ್ಲಿ ಬಕಾಸುರನಿಗಾಗಿ ಮನೆಗೊಬ್ಬರಂತೆ ಸರದಿ ಹೋಗಬೇಕಿತ್ತು. ಭೀಮನೊಬ್ಬ ಹೋಗಿ ಸರದಿಯನ್ನೇ ಮುಗಿಸಿದ. ಆಟದ ವಿಷಯದಲ್ಲಿ ನಾವು ಈಗಲೂ ಭೀಮನೊಬ್ಬನಿಗಾಗಿ ಕಾಯುವವರು. ಎಲ್ಲಿಂದಲೋ ಒಬ್ಬ ಬಲಶಾಲಿ ಬಂದು ಊರಿಗೆ ಹೆಸರು ತಂದರೆ ಸಾಕೆನ್ನುವವರು. ಕೊಡಗು ಮನೆಗೊಂದು ತಂಡವನ್ನೇ ಕಳಿಸಿತು. ಭೀಮರು ತಾವಾಗಿ ಬಂದರು. ನಮ್ಮ ಸೀಮೆಗೂ ಈ ಆಟ ಅಪರಿಚಿತವಾಗಿರಲಿಲ್ಲ. ೨೦೦೭ರವರೆಗೆ ನಾವು ಸೇರಿದ್ದ ಕೋಲಾರ ಜಿಲ್ಲೆಯ ಚಿನ್ನದ ಗಣಿಯಲ್ಲಿ ಇಂಗ್ಲಿಷರ ಕಾಲದಿಂದಲೂ ಹಾಕಿ ಆಡುತ್ತಿದ್ದರು. ೨೦೦೧ರಲ್ಲಿ ಗಣಿ ಮುಚ್ಚಿತು. ಗಣಿಯನ್ನು ನಂಬಿ ನಿಂತಿದ್ದ ಮೈದಾನಗಳಿಗೂ ಆಸರೆ ತಪ್ಪಿತು. ಆಟಕ್ಕೆ ಪ್ರತಿಭೆಯಷ್ಟೇ ಅಗತ್ಯವಾದದ್ದು ಅನ್ನ; ಸೇನೆ, ರೈಲ್ವೆ, ಬ್ಯಾಂಕು, ತೈಲ ಕಂಪನಿಗಳು ಆಟಗಾರನಿಗೆ ನೌಕರಿ ಕೊಟ್ಟ ಕಾಲದಲ್ಲಿಯೇ ಈ ಪಟ್ಟಿಯ ಹಿರಿಯರು ಬೆಳೆದದ್ದು.

ಪಟ್ಟಿಯಲ್ಲಿ ಇಲ್ಲದ ಹೆಸರುಗಳೂ ಮಾತನಾಡುತ್ತವೆ. ಬೆಂಗಳೂರಿನ ಎಲ್ವೆರ ಬ್ರಿಟ್ಟೊ ಅವರ ನಾಯಕತ್ವದಲ್ಲಿ ಮೈಸೂರು ರಾಜ್ಯದ ಮಹಿಳಾ ತಂಡ ೧೯೬೦ರಿಂದ ೧೯೬೭ರವರೆಗಿನ ಅವಧಿಯಲ್ಲಿ ಏಳು ಬಾರಿ ರಾಷ್ಟ್ರೀಯ ಪ್ರಶಸ್ತಿ ಗೆದ್ದಿತು. ೧೯೬೫ರಲ್ಲಿ ಅವರಿಗೆ ಅರ್ಜುನ ಪ್ರಶಸ್ತಿ ಬಂದಿತು. ಆ ಗೌರವ ಪಡೆದ ಹಾಕಿ ಆಟಗಾರ್ತಿಯರಲ್ಲಿ ಅವರು ಎರಡನೆಯವರು. ೨೦೨೨ರಲ್ಲಿ ಅವರು ತೀರಿಕೊಂಡರು. ಅಕ್ಕತಂಗಿಯರು ಮೂವರು ಒಂದೇ ರಾಜ್ಯಕ್ಕೆ ಆಡಿದ ಕಥೆ ಅವರದು. ಕುಟುಂಬದ ತಂಡದಲ್ಲಿ ಸೊಸೆಗೆ ಸ್ಥಾನವಿರುವಾಗ ಸಾರ್ವಕಾಲಿಕ ತಂಡದಲ್ಲಿ ಈ ನಾಯಕಿಗೆ ಕಾಯುವವರ ಸಾಲಿನಲ್ಲಿಯೂ ಸ್ಥಾನವಿಲ್ಲ. ಮಿತ್ರರನ್ನು ಕೇಳಿದಾಗ, “ಅದು ಬೇರೆ ಪಟ್ಟಿ” ಎಂದರು. ಆ ಬೇರೆ ಪಟ್ಟಿಯನ್ನು ಬರೆದವರು ಮಾತ್ರ ಅಪರೂಪ.

ಎಲ್ಲಕ್ಕಿಂತ ಹೆಚ್ಚು ನನ್ನನ್ನು ಕಾಡಿದ್ದು ಪಟ್ಟಿಯ ಕೊನೆಯ ತುದಿ. ೨೦೧೬ರ ರಿಯೊ ಒಲಿಂಪಿಕ್ಸ್‌ಗೆ ಹೋದ ಭಾರತದ ೧೬ ಮಂದಿಯಲ್ಲಿ ರಘುನಾಥ್, ಉತ್ತಪ್ಪ, ಸುನಿಲ್, ತಿಮ್ಮಯ್ಯ, ಹೀಗೆ ನಾಲ್ವರು ನಮ್ಮವರಿದ್ದರು. ೨೦೨೧ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಭಾರತ ನಲವತ್ತೊಂದು ವರ್ಷಗಳ ಮೇಲೆ ಪದಕ ಗೆದ್ದಿತು. ಆ ತಂಡದಲ್ಲಿ ಕರ್ನಾಟಕದ ಒಬ್ಬರೂ ಇರಲಿಲ್ಲ. ಆ ವರ್ಷವೇ ಸುನಿಲ್ ಅಂತರರಾಷ್ಟ್ರೀಯ ಆಟದಿಂದ ನಿವೃತ್ತರಾದರು. ೨೦೨೪ರ ಪ್ಯಾರಿಸ್‌ನಲ್ಲಿ ಮತ್ತೆ ಕಂಚು. ಮತ್ತೆ ನಮ್ಮವರು ಯಾರೂ ಇಲ್ಲ. ಈ ಎರಡು ಪದಕಗಳಿಗಾಗಿ ತಂಡ ವರ್ಷಗಟ್ಟಲೆ ಅಭ್ಯಾಸ ಮಾಡಿದ್ದು ಬೆಂಗಳೂರಿನ ಕ್ರೀಡಾ ಪ್ರಾಧಿಕಾರದ ಕೇಂದ್ರದಲ್ಲಿ! ಬಿತ್ತನೆಯ ಹೊಲ ನಮ್ಮದು, ಬೀಜ ಬೇರೆಯವರದು. ಒಡಿಶಾ ಸರಕಾರ ೨೦೧೮ರಿಂದ ಭಾರತ ತಂಡದ ಪೋಷಕತ್ವವನ್ನು ಹೊತ್ತಿತು. ರೂರ್ಕೆಲದಲ್ಲಿ ೨೦೨೩ರ ವಿಶ್ವಕಪ್ಪಿಗೆಂದು ದೊಡ್ಡ ಕ್ರೀಡಾಂಗಣ ಕಟ್ಟಿತು. ಅಲ್ಲಿನ ಸುಂದರಗಢ ಜಿಲ್ಲೆಯ ಹುಡುಗರು ಟೋಕಿಯೊದಲ್ಲಿ ಭಾರತದ ಬೆನ್ನೆಲುಬಾದರು. ನಮ್ಮ ತಂಡದಲ್ಲಿ ಹಿಂದೆ ಕೊರತೆ ಎಂದೆನಲ್ಲವೆ, ಸುಂದರಗಢ ಕೊಟ್ಟದ್ದು ಸರಿಯಾಗಿ ಆ ಹಿಂದಿನ ಸಾಲಿಗೆ ಬೇಕಾದ ಆಳುಗಳನ್ನು. ಅದು ಆಕಸ್ಮಿಕವಲ್ಲ, ಹಾಸು, ವಸತಿ, ತರಬೇತಿ, ನೌಕರಿ ಎಂಬ ನಾಲ್ಕು ಕಂಬಗಳ ಮೇಲೆ ನಿಂತ ಚಪ್ಪರ ಅದು.

ಆಶೆ ಪೂರ್ತಿಯಾಗಿ ಬತ್ತಿಲ್ಲ. ಬೆಂಗಳೂರಿನ ಮೊಹಮ್ಮದ್ ರಹೀಲ್ ೨೦೨೪ರ ಏಷ್ಯನ್ ಚಾಂಪಿಯನ್ಸ್ ಟ್ರೋಫಿ ಗೆದ್ದ ಭಾರತ ತಂಡದಲ್ಲಿದ್ದರು. ಕೂಡಿಗೆಯ ಕ್ರೀಡಾಶಾಲೆ ಇದೆ, ಕೊಡಗಿನ ಹಬ್ಬ ವರ್ಷದಿಂದ ವರ್ಷಕ್ಕೆ ಬೆಳೆಯುತ್ತಿದೆ. ಆದರೆ ಹಬ್ಬದ ಮೈದಾನ ಮಣ್ಣಿನದು, ವಿಶ್ವದ ಮೈದಾನ ಹಾಸಿನದು. ಹಬ್ಬ ಹುಟ್ಟಿಸಿದ ಪ್ರೀತಿಯನ್ನು ಹಾಸಿನವರೆಗೆ ಕೈಹಿಡಿದು ನಡೆಸುವ ಹೊಣೆ ಕುಟುಂಬಗಳದ್ದಲ್ಲ, ಸರಕಾರದ್ದು, ವಿಶ್ವವಿದ್ಯಾನಿಲಯಗಳದ್ದು, ನಮ್ಮಂತಹ ಕಾಲೇಜುಗಳದ್ದು. ನೂರು ವರ್ಷದ ಉತ್ಸವದಲ್ಲಿ ಹಾರ ಹಾಕಿ ಹಳೆಯ ಹೆಸರುಗಳನ್ನು ಓದಿಸಿದರೆ ಅದು ತೀರುವ ಹೊಣೆಯಲ್ಲ.

‘ಕವಿರಾಜಮಾರ್ಗ’ದ ಪಟ್ಟಿಯನ್ನು ನಾವು ಇಂದಿಗೂ ಗೌರವಿಸುವುದು ಅದರಲ್ಲಿರುವ ಕವಿಗಳನ್ನು ಓದಿದ್ದರಿಂದಲ್ಲ, ಆ ಪಟ್ಟಿ ಮುಗಿದ ಮೇಲೆ ಪಂಪ ಬಂದ, ರನ್ನ ಬಂದ, ಹರಿಹರ ಬಂದ, ಕುಮಾರವ್ಯಾಸ ಬಂದ ಎಂಬುದರಿಂದ. ಹಿಂದಿನ ಹೆಸರುಗಳಿಗೆ ಬೆಲೆ ಕಟ್ಟುವವರು ಮುಂದೆ ಬರುವವರೇ. ಮಿತ್ರರ ಹಾಳೆಯಲ್ಲಿ ಹದಿಮೂರನೆಯ ಹೆಸರಿನ ಕೆಳಗೆ ನಾಲ್ಕು ಬೆರಳಿನಷ್ಟು ಜಾಗ ಬಿಳಿಯಾಗಿ ಉಳಿದಿದೆ. ಹನ್ನೊಂದರಲ್ಲಿ ಯಾರು ಎಲ್ಲಿ ನಿಲ್ಲಬೇಕೆಂದು ನಾವು ಎಷ್ಟು ದಿನ ಬೇಕಾದರೂ ವಾದಿಸಬಹುದು. ಆ ಬಿಳಿಯ ಜಾಗದಲ್ಲಿ ಬರೆಯಬೇಕಾದ ಹುಡುಗ ಅಥವಾ ಹುಡುಗಿ ಇಂದು ಯಾವ ಊರಿನ ಯಾವ ಶಾಲೆಯಲ್ಲಿ, ಕೈಯಲ್ಲಿ ಕೋಲಿಲ್ಲದೆ, ಕುಳಿತಿರಬಹುದೆಂಬುದೇ ವಾದಕ್ಕಿಂತ ಮೊದಲು ವಿಚಾರಿಸಬೇಕಾದ ಮಾತು.